ಗುರಿಯ ಪುಸ್ತಕವೂ ಉದ್ರಿಯ ಪುಸ್ತಕವೂ

ಕನ್ನಡದಲ್ಲಿ ಓದುವವರು ಕಡಿಮೆಯಾಗುತ್ತಿದ್ದಾರೆ ಎಂಬ ಕೊರಗು ಸಾಹಿತ್ಯದ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಒಂದು ಸಾಲಿಗೆ ಮಾತ್ರ ಗಿರಾಕಿಗಳ ಕೊರತೆಯಿಲ್ಲ. ಅದು ಯಶಸ್ಸಿನ ಪುಸ್ತಕಗಳ ಸಾಲು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’, ಅಮೆರಿಕದಿಂದ ಬಂದ ನೆಪೋಲಿಯನ್ ಹಿಲ್, ರಾಬರ್ಟ್ ಕಿಯೊಸಾಕಿ ಮುಂತಾದವರು, ಅವರನ್ನು ಅನುಸರಿಸಿ ಕನ್ನಡದಲ್ಲೇ ಬರೆದ ಹತ್ತಾರು ಮಂದಿ ಅಲ್ಲಿರುತ್ತಾರೆ. ಇವನ್ನು ಕೊಳ್ಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ನೌಕರರಿದ್ದಾರೆ. ಆದರೆ ಓದಿದ್ದನ್ನು ಸ್ವಂತ ದುಡ್ಡು ಹಾಕಿ ಪರೀಕ್ಷಿಸುವವನು ಸಣ್ಣ ವ್ಯಾಪಾರಿ. ಮೊಬೈಲ್ ರಿಪೇರಿ ಮಾಡುವವನು, ಟೈಲರ್, ಬೇಕರಿಯವನು, ಊರಿಗೆ ಮರಳಿ ಬಟ್ಟೆಯಂಗಡಿ ತೆರೆದ ಗಲ್ಫ್ ಉದ್ಯೋಗಿ, ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಣ್ಣುಮಗಳು ಇವರೆಲ್ಲ ಈ ಪುಸ್ತಕಗಳ ಗಂಭೀರ ಓದುಗರು.

ನಮ್ಮ ವಿಮರ್ಶಕರು ಈ ಸಾಲಿನ ಕಡೆ ಕಣ್ಣು ಹಾಯಿಸುವುದಿಲ್ಲ. ಅದು ಸಾಹಿತ್ಯವಲ್ಲ ಎಂಬ ತಾತ್ಸಾರ ಅದಕ್ಕೆ ಕಾರಣವಿರಬಹುದು. ಆದರೆ ಒಂದು ಕವಿತೆ ಕೆಟ್ಟದಾಗಿದ್ದರೆ ಓದುಗನಿಗೆ ನಷ್ಟವಾಗುವುದು ಅರ್ಧ ಗಂಟೆ. ವ್ಯಾಪಾರದ ದಾರಿ ತೋರಿಸುತ್ತೇನೆಂದು ಹೊರಟ ಪುಸ್ತಕ ಕೆಟ್ಟದಾಗಿದ್ದರೆ ಹೋಗುವುದು ಒಂದು ಅಂಗಡಿ, ಒಂದು ಮನೆಯ ಒಡವೆ, ಕೆಲವೊಮ್ಮೆ ಅಣ್ಣತಮ್ಮಂದಿರ ನಡುವಿನ ಮಾತುಕತೆ. ಹಾಗಾಗಿ ಈ ಪುಸ್ತಕಗಳನ್ನು ಗಂಭೀರವಾಗಿ ವಿಮರ್ಶೆಗೆ ಒಳಪಡಿಸುವುದು ಅಗತ್ಯ. ಸಣ್ಣ ವ್ಯಾಪಾರಿಗೆ ಯೋಜನೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಈ ಪುಸ್ತಕಗಳು ಕೊಡುವ ಯೋಜನೆ ಎಲ್ಲಿ ಹುಟ್ಟಿತು, ಯಾರ ಅಳತೆಗೆ ಹೊಲಿದದ್ದು, ನಮ್ಮವರ ಮೈಗೆ ಅದು ಒಪ್ಪುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ನಡೆಯದ ಸಂಶೋಧನೆ

ಗುರಿ ನಿರ್ಧಾರದ ಬಗ್ಗೆ ಮಾತನಾಡುವ ಬಹುತೇಕ ಪುಸ್ತಕಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಒಂದು ಕತೆ ತಪ್ಪದೆ ಬರುತ್ತದೆ. 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಮುಗಿಸಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ತಮ್ಮ ಗುರಿಯನ್ನು ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷಗಳ ಬಳಿಕ ನೋಡಿದರೆ ಉಳಿದ ಶೇ. 97 ಮಂದಿಯ ಒಟ್ಟು ಸಂಪತ್ತಿಗಿಂತ ಆ ಶೇ. 3 ಮಂದಿಯ ಸಂಪತ್ತೇ ಹೆಚ್ಚಾಗಿತ್ತಂತೆ. ಕೇಳುವವನು ಕೂಡಲೇ ಪೆನ್ನು ಕಾಗದ ಹುಡುಕುವಂತಹ ಕತೆ ಇದು. ಆದರೆ ಇಂತಹ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ಅಮೆರಿಕದ ‘ಫಾಸ್ಟ್ ಕಂಪೆನಿ’ ಪತ್ರಿಕೆ ಇದರ ಮೂಲ ಹುಡುಕಿಕೊಂಡು ಹೋಯಿತು. ಕತೆ ಹೇಳುತ್ತಿದ್ದ ಪ್ರಸಿದ್ಧ ಭಾಷಣಕಾರರು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರೇ ಹೊರತು ಮೂಲ ಸಿಗಲಿಲ್ಲ. ಯೇಲ್‌ನ ದಾಖಲೆಗಳಲ್ಲೂ ಅದರ ಸುಳಿವಿರಲಿಲ್ಲ. ಹಾಗಿದ್ದೂ ಕತೆ ಸಾಯಲಿಲ್ಲ. ಅದರ ಇನ್ನೊಂದು ರೂಪದಲ್ಲಿ ಯೇಲ್‌ನ ಜಾಗದಲ್ಲಿ ಹಾರ್ವರ್ಡ್, 1953ರ ಜಾಗದಲ್ಲಿ 1979 ಇರುತ್ತದೆ.

ಈ ಪರಂಪರೆಯ ಮೂಲಪುರುಷನೆಂದು ಹೇಳಬಹುದಾದ ನೆಪೋಲಿಯನ್ ಹಿಲ್‌ನ ಕತೆಯೂ ಇಂತಹದ್ದೇ. 1937ರಲ್ಲಿ ಪ್ರಕಟವಾದ ಆತನ ‘ಥಿಂಕ್ ಆ್ಯಂಡ್ ಗ್ರೋ ರಿಚ್’ ಕೃತಿ ಓದುಗನಿಗೆ ಆರು ಹೆಜ್ಜೆಗಳನ್ನು ಹೇಳುತ್ತದೆ. ನಿನಗೆ ಬೇಕಾದ ಹಣದ ಮೊತ್ತವನ್ನು ಖಚಿತವಾಗಿ ನಿರ್ಧರಿಸು, ಅದಕ್ಕೊಂದು ದಿನಾಂಕ ಇಡು, ಬರೆ, ದಿನಕ್ಕೆರಡು ಬಾರಿ ಗಟ್ಟಿಯಾಗಿ ಓದು ಎಂಬುದು ಅವುಗಳ ತಿರುಳು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೇ ತನಗೆ ಈ ರಹಸ್ಯ ತಿಳಿಸಿದ್ದನೆಂದು ಹಿಲ್ ಹೇಳಿಕೊಂಡಿದ್ದ. ಕಾರ್ನೆಗಿಯ ಜೀವನಚರಿತ್ರೆ ಬರೆದ ಇತಿಹಾಸಕಾರ ಡೇವಿಡ್ ನ್ಯಾಸಾ ಅವರಿಗೆ ಇವರಿಬ್ಬರು ಭೇಟಿಯಾದದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ.

ಸುಳ್ಳು ಕತೆಯಾದರೇನಂತೆ, ಪ್ರೇರಣೆ ಸಿಕ್ಕಿತಲ್ಲ ಎಂದು ಹೇಳುವವರಿದ್ದಾರೆ. ಆದರೆ ಈ ಕತೆಗೆ ಇನ್ನೊಂದು ಮುಖವೂ ಇದೆ. ಬರೆದಿಟ್ಟವನು ಗೆದ್ದ ಎಂದರೆ ಸೋತವನು ಬರೆದಿಡಲಿಲ್ಲ, ಇಲ್ಲವೇ ಮನಸ್ಸಿಟ್ಟು ಬರೆಯಲಿಲ್ಲ ಎಂದರ್ಥ. 2016ರ ನವೆಂಬರ್ 8ರ ರಾತ್ರಿ ಗಲ್ಲಾಪೆಟ್ಟಿಗೆಯ ನೋಟುಗಳು ಕಾಗದವಾದದ್ದು, 2020ರ ಮಾರ್ಚ್ 25ರಿಂದ ಅಂಗಡಿಯ ಶಟರ್ ತಿಂಗಳುಗಟ್ಟಲೆ ಕೆಳಗಿಳಿದದ್ದು, ಎದುರಿನ ರಸ್ತೆ ಅಗಲೀಕರಣವಾಗಿ ಗಿರಾಕಿ ಬರುವ ದಾರಿಯೇ ಮುಚ್ಚಿದ್ದು ಈ ಲೆಕ್ಕದಲ್ಲಿ ಎಲ್ಲೂ ಸೇರುವುದಿಲ್ಲ. ಎಲ್ಲ ಸೋಲನ್ನೂ ಒಬ್ಬನ ಇಚ್ಛಾಶಕ್ತಿಯ ಕೊರತೆಯೆಂದು ಬರೆದುಕೊಳ್ಳುವ ಪುಸ್ತಕ, ಸೋತವನಿಂದ ಆತ್ಮಗೌರವವನ್ನೂ ಕಿತ್ತುಕೊಳ್ಳುತ್ತದೆ.

ಕಳೆದುಹೋದ ಅರ್ಥ

ಹಿಲ್‌ನ ಮಂತ್ರಪಠಣಕ್ಕಿಂತ ಹೆಚ್ಚು ವೈಜ್ಞಾನಿಕವಾಗಿ ಕಾಣುವುದು ‘ಸ್ಮಾರ್ಟ್’ ಗುರಿಗಳ ಸೂತ್ರ. ಗುರಿ ಖಚಿತವಾಗಿರಬೇಕು, ಅಳೆಯುವಂತಿರಬೇಕು, ಸಾಧಿಸುವಂತಿರಬೇಕು, ವಾಸ್ತವಕ್ಕೆ ಹತ್ತಿರವಿರಬೇಕು, ಕಾಲಮಿತಿ ಇರಬೇಕು ಎಂದು ಇದನ್ನು ವಿವರಿಸಲಾಗುತ್ತದೆ. ಸಣ್ಣ ಉದ್ಯಮಿಗಳ ಯಾವುದೇ ಶಿಬಿರದಲ್ಲಿ ಕಪ್ಪು ಹಲಗೆಯ ಮೇಲೆ ಬರುವ ಮೊದಲ ಪದ ಇದು.

ಈ ಸೂತ್ರದ ಹುಟ್ಟನ್ನು ನೋಡಿದರೆ ಒಂದು ಕುತೂಹಲಕರ ಸಂಗತಿ ಹೊರಬೀಳುತ್ತದೆ. 1954ರಲ್ಲಿ ಪೀಟರ್ ಡ್ರಕರ್ ‘ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಎಂಬ ಕೃತಿಯಲ್ಲಿ ದೊಡ್ಡ ಸಂಸ್ಥೆಗಳ ಆಡಳಿತವನ್ನು ಉದ್ದೇಶಗಳ ಮೂಲಕ ನಡೆಸುವ ವಿಚಾರವನ್ನು ಮುಂದಿಟ್ಟರು. ಅದರ ಮುಂದುವರಿಕೆಯಾಗಿ 1981ರ ನವೆಂಬರ್‌ನಲ್ಲಿ ‘ಮ್ಯಾನೇಜ್‌ಮೆಂಟ್ ರಿವ್ಯೂ’ ಪತ್ರಿಕೆಯಲ್ಲಿ ಜಾರ್ಜ್ ಡೊರಾನ್ ಎಂಬವರು ‘ಸ್ಮಾರ್ಟ್’ ಎಂಬ ಪದವನ್ನು ಪ್ರಯೋಗಿಸಿದರು. ಡೊರಾನ್ ಒಂದು ವಿದ್ಯುತ್ ಕಂಪೆನಿಯ ಯೋಜನಾ ವಿಭಾಗದಲ್ಲಿದ್ದವರು. ಅವರ ಮೂಲ ಸೂತ್ರದಲ್ಲಿ ‘ಎ’ ಅಕ್ಷರಕ್ಕೆ ‘ಸಾಧಿಸಬಹುದಾದ’ ಎಂಬ ಅರ್ಥ ಇರಲಿಲ್ಲ. ‘ಅಸೈನಬಲ್’, ಅಂದರೆ ಈ ಕೆಲಸವನ್ನು ಯಾರಿಗೆ ಒಪ್ಪಿಸಲಾಗಿದೆ ಎಂಬುದನ್ನು ಗುರಿಯಲ್ಲೇ ಹೇಳಬೇಕು ಎಂಬುದು ಅದರ ಅರ್ಥವಾಗಿತ್ತು. ದೊಡ್ಡ ಕಂಪೆನಿಗೆ ಇದು ಸಹಜ. ಅಲ್ಲಿ ಗುರಿ ಇಡುವವರು ಒಬ್ಬರು, ಓಡುವವರು ಇನ್ನೊಬ್ಬರು, ಲೆಕ್ಕ ಇಡುವವರು ಮತ್ತೊಬ್ಬರು.

ಈಗ ನಮ್ಮ ಕಡೆ ನೋಡೋಣ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಕೃಷಿಯೇತರ, ಕಂಪೆನಿಯಾಗಿ ನೋಂದಾಯಿತವಾಗದ ಸುಮಾರು 6.34 ಕೋಟಿ ಸಣ್ಣಪುಟ್ಟ ಉದ್ಯಮಗಳಿದ್ದವು. ಅವುಗಳಲ್ಲಿ ಸುಮಾರು ಶೇ. 84ರಲ್ಲಿ ಸಂಬಳಕ್ಕಿಟ್ಟ ಕಾಯಂ ಕೆಲಸಗಾರ ಒಬ್ಬನೂ ಇರಲಿಲ್ಲ. ಮುಸ್ಲಿಮರ ಮಟ್ಟಿಗೆ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಮಂದಿ ಸ್ವಂತ ಉದ್ಯೋಗದಲ್ಲಿದ್ದಾರೆ, ಹಿಂದೂಗಳಲ್ಲಿ ಈ ಪ್ರಮಾಣ ಶೇ. 55ರಷ್ಟು ಎಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿತ್ತು. ಕೆಲವು ಬ್ಯಾಂಕುಗಳು ಮುಸ್ಲಿಮ್ ಬಡಾವಣೆಗಳನ್ನು ಸಾಲಕ್ಕೆ ಅಪಾಯಕಾರಿ ವಲಯಗಳೆಂದು ಗುರುತಿಸಿದ್ದನ್ನೂ ಅದೇ ವರದಿ ದಾಖಲಿಸಿತ್ತು. ನೌಕರಿಯ ಬಾಗಿಲು ಕಿರಿದಾದಾಗ ಅಂಗಡಿಯ ಬಾಗಿಲು ತೆರೆಯುವವರು ನಾವು. ಕರಾವಳಿಯ ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರಕ್ಕೆ ತುಳುವಿನಲ್ಲಿರುವ ‘ಬ್ಯಾರ’ ಎಂಬ ಪದದಿಂದ ಬಂದದ್ದೆಂಬ ಅಭಿಪ್ರಾಯವಿದೆ.

ಹೀಗೆ ಒಬ್ಬನೇ ಸರಕು ತರುವ, ಒಬ್ಬನೇ ಮಾರುವ, ಒಬ್ಬನೇ ಗುಡಿಸುವ ಅಂಗಡಿಯಲ್ಲಿ ‘ಯಾರಿಗೆ ಒಪ್ಪಿಸಲಾಗಿದೆ’ ಎಂಬ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮುಂದೆ ಆ ಅಕ್ಷರಕ್ಕೆ ಬೇರೆ ಅರ್ಥ ಹಚ್ಚಿ ಸೂತ್ರವನ್ನು ಎಲ್ಲರಿಗೂ ಹಂಚಲಾಯಿತು. ಅಂಗಿಯ ತೋಳನ್ನು ಕತ್ತರಿಸಿದರೂ ಅಳತೆ ಮಾತ್ರ ಹಳೆಯ ಮೈಯದ್ದೇ ಉಳಿಯಿತು. ಅಂಗಡಿಯವನಿಗೆ ಬಹಳ ಸಲ ಕೊರತೆಯಾಗುವುದು ದುಡ್ಡಿಗಿಂತಲೂ ಮೊದಲು ಹೊತ್ತು. ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಹತ್ತಕ್ಕೆ ಶಟರ್ ಎಳೆಯುವವನಿಗೆ ಐದು ಹೊಸ ಗುರಿಗಳನ್ನು ಕೊಡುವ ಪುಸ್ತಕ, ಅವನು ಬಿಡಬೇಕಾದ ಒಂದು ಕೆಲಸ ಯಾವುದೆಂದು ಕೇಳುವುದೇ ಇಲ್ಲ.

ಲಾರಿ ಮತ್ತು ಗ್ಯಾರೇಜು

ಗುರಿಯ ಬಗ್ಗೆ ನಡೆದ ನಿಜವಾದ ಸಂಶೋಧನೆಗಳೂ ಇವೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಈ ವಿಷಯದಲ್ಲಿ ಕೆಲಸ ಮಾಡಿದರು. 1975ರಲ್ಲಿ ಪ್ರಕಟವಾದ ಲೇಥಮ್ ಅವರ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಅಮೆರಿಕದ ಒಕ್ಲಹಾಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಚಾಲಕರು ಕಾನೂನು ಒಪ್ಪುವ ಭಾರದ ಸುಮಾರು ಶೇ. 60ರಷ್ಟನ್ನು ಮಾತ್ರ ಹೇರುತ್ತಿದ್ದರು. ‘ಆದಷ್ಟು ಹೆಚ್ಚು ಹೇರಿ’ ಎಂದು ಹೇಳುವ ಬದಲು ಶೇ. 94 ಎಂಬ ಖಚಿತ ಗುರಿಯನ್ನು ಕೊಟ್ಟಾಗ ಕೆಲವೇ ತಿಂಗಳಲ್ಲಿ ಭಾರ ಶೇ. 90ರ ಆಸುಪಾಸಿಗೆ ಏರಿತು. ಸ್ಪಷ್ಟ ಗುರಿಗೆ ಶಕ್ತಿ ಇದೆ ಎಂಬುದನ್ನು ಇದು ತೋರಿಸಿತು. ಗುರಿ ಎಂಬ ಮಾತನ್ನೇ ಗೇಲಿ ಮಾಡುವವರು ಇದನ್ನು ಗಮನಿಸಬೇಕು.

ಆದರೆ ಲಾರಿಗೂ ಅಂಗಡಿಗೂ ನಡುವೆ ಇರುವ ಅಂತರವನ್ನೂ ಗಮನಿಸಬೇಕು. ದಿಮ್ಮಿ ಎಷ್ಟು ಹೇರಬೇಕೆಂಬುದು ಚಾಲಕನ ಕೈಯಲ್ಲೇ ಇತ್ತು. ಮಿತಿ ಮೊದಲೇ ಗೊತ್ತಿತ್ತು. ಅಂಗಡಿಯವನು ‘ಈ ತಿಂಗಳು ಎರಡು ಲಕ್ಷ ವ್ಯಾಪಾರ’ ಎಂದು ಬರೆದರೆ ಅದರ ಬಹುಪಾಲು ಗಿರಾಕಿಯ ಕೈಯಲ್ಲಿರುತ್ತದೆ. ಬೆಳಗ್ಗೆ ಎಂಟಕ್ಕೆ ಅಂಗಡಿ ತೆರೆಯುವುದು, ವಾರಕ್ಕೊಮ್ಮೆ ಉದ್ರಿ ವಸೂಲಿಗೆ ಹೋಗುವುದು, ಕೊಟ್ಟ ಮಾತಿನ ದಿನ ಅಂಗಿ ಹೊಲಿದು ಕೊಡುವುದು ಅವನ ಕೈಯಲ್ಲಿರುವ ಸಂಗತಿಗಳು. ಲೇಥಮ್ ಅವರ ಪಾಠವನ್ನು ನ್ಯಾಯವಾಗಿ ಅನ್ವಯಿಸುವುದಾದರೆ ಗುರಿ ಇಡಬೇಕಾದದ್ದು ಇವುಗಳಿಗೆ.

ಕೈಯಲ್ಲಿಲ್ಲದ್ದಕ್ಕೆ ಗುರಿ ಇಟ್ಟರೆ ಆಗುವ ಅನಾಹುತಕ್ಕೂ ಅದೇ ದೇಶದಲ್ಲಿ ಉದಾಹರಣೆಗಳಿವೆ. 1990ರ ದಶಕದ ಆರಂಭದಲ್ಲಿ ಸಿಯರ್ಸ್ ಕಂಪೆನಿ ತನ್ನ ವಾಹನ ರಿಪೇರಿ ವಿಭಾಗದ ಸಿಬ್ಬಂದಿಗೆ ಗಂಟೆಗೆ 147 ಡಾಲರ್ ವ್ಯಾಪಾರದ ಗುರಿ ನೀಡಿತು. ಸಿಬ್ಬಂದಿ ಕೆಡದ ಭಾಗಗಳನ್ನೂ ರಿಪೇರಿ ಮಾಡಿ ಬಿಲ್ಲು ಹಾಕತೊಡಗಿದರು. ಇದನ್ನು ಉದಾಹರಿಸಿ 2009ರಲ್ಲಿ ನಾಲ್ವರು ವಿದ್ವಾಂಸರು, ಮಿತಿಮೀರಿದ ಗುರಿಗಳು ಅನೀತಿಗೆ ದಾರಿ ಮಾಡುತ್ತವೆಂದು ಎಚ್ಚರಿಸಿದರು. ಆ ಎಚ್ಚರಿಕೆಯ ಬಳಿಕವೂ 2016ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕಿನ ಹಗರಣ ಹೊರಬಿತ್ತು. ಪ್ರತಿ ಗ್ರಾಹಕನಿಗೂ ಎಂಟು ಖಾತೆ, ಸೇವೆಗಳನ್ನು ಮಾರಬೇಕೆಂಬ ಒತ್ತಡದಲ್ಲಿ ನೌಕರರು ಗ್ರಾಹಕರಿಗೆ ತಿಳಿಯದೆಯೇ ಲಕ್ಷಾಂತರ ಖಾತೆಗಳನ್ನು ತೆರೆದಿದ್ದರು. ಸುಮಾರು 5,300 ಮಂದಿ ಕೆಲಸ ಕಳೆದುಕೊಂಡರು.

ಸಣ್ಣ ಅಂಗಡಿಯಲ್ಲಿ ಇದು ತೂಕದಲ್ಲಿ ಕಾಣಿಸಿಕೊಳ್ಳುತ್ತದೆ, ಕಲಬೆರಕೆಯಲ್ಲಿ ಕಾಣಿಸಿಕೊಳ್ಳುತ್ತದೆ, ಬದಲಾಯಿಸದ ಬಿಡಿಭಾಗವನ್ನು ಬದಲಾಯಿಸಿದೆನೆಂದು ಹೇಳುವ ನಾಲಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಳತೆಯಲ್ಲಿ ವಂಚಿಸುವವರ ಹೆಸರನ್ನೇ ಕುರ್‌ಆನಿನ ಒಂದು ಅಧ್ಯಾಯಕ್ಕೆ ಇಡಲಾಗಿದೆ ಎಂಬುದನ್ನು ಮುಸ್ಲಿಮ್ ವ್ಯಾಪಾರಿಗೆ ಬೇರೆಯವರು ನೆನಪಿಸಬೇಕಾಗಿಲ್ಲ. ಆದರೆ ತಿಂಗಳ ಕೊನೆಗೆ ಮುಟ್ಟಲೇಬೇಕಾದ ಅಂಕಿಯೊಂದನ್ನು ಗೋಡೆಗೆ ಅಂಟಿಸಿಕೊಂಡವನಿಗೆ ಈ ನೆನಪು ಎಷ್ಟು ದಿನ ಉಳಿದೀತು?

ಅಡುಗೆಮನೆಯ ಎರಡು ದಾರಿ

ಎಲ್ಲ ಪುಸ್ತಕಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. 1986ರಲ್ಲಿ ಬಂದ ಮೈಕಲ್ ಗರ್ಬರ್ ಅವರ ‘ದಿ ಇ-ಮಿಥ್’ ಸಣ್ಣ ವ್ಯಾಪಾರಿಯ ಬಳಲಿಕೆಯನ್ನು ನಿಜವಾಗಿಯೂ ಕಂಡ ಪುಸ್ತಕ. ಅದರ ಪರಿಷ್ಕೃತ ಆವೃತ್ತಿಯಲ್ಲಿ ಸಾರಾ ಎಂಬ ಹೆಣ್ಣುಮಗಳು ಬರುತ್ತಾಳೆ. ಅತ್ತೆಯಿಂದ ಕಲಿತ ಪೈ ಎಂಬ ತಿಂಡಿಯನ್ನು ಪ್ರೀತಿಯಿಂದ ಮಾಡಿ ಅಂಗಡಿ ಇಟ್ಟವಳು, ಕೊನೆಗೆ ಆ ತಿಂಡಿಯ ವಾಸನೆಯೇ ಬೇಡ ಎನ್ನುವಷ್ಟು ಸೋತಿರುತ್ತಾಳೆ. ಕೈಕಸುಬು ಗೊತ್ತಿರುವುದು ಬೇರೆ, ಆ ಕಸುಬಿನ ಅಂಗಡಿ ನಡೆಸುವುದು ಬೇರೆ ಎಂದು ಗರ್ಬರ್ ಹೇಳುವುದು ಸರಿಯಾಗಿಯೇ ಇದೆ. ಒಳ್ಳೆಯ ಟೈಲರ್ ಅಂಗಡಿ ಇಟ್ಟು ಮುಳುಗಿದ್ದನ್ನು ನಾವೂ ನೋಡಿದ್ದೇವೆ. ಆದರೆ ಅವರು ಕೊಡುವ ಮದ್ದು ಮೆಕ್‌ಡೊನಾಲ್ಡ್ಸ್ ಮಾದರಿಯದ್ದು. ನಿನ್ನ ಅಂಗಡಿಯನ್ನು ಸಾವಿರ ಕಡೆ ಹಾಗೇ ನಕಲು ಮಾಡಬಹುದಾದ ಯಂತ್ರವಾಗಿ ರೂಪಿಸು ಎನ್ನುತ್ತಾರೆ. ಒಂದು ಅಂಗಡಿಯಿಂದ ಮಾನವಾಗಿ ಬದುಕಿ, ಮಕ್ಕಳನ್ನು ಓದಿಸಿ, ಸಂಜೆ ಮಗ್ರಿಬ್ ನಮಾಝಿಗೆ ಹೋಗಿಬರುವಷ್ಟು ಬಿಡುವು ಇದ್ದರೆ ಸಾಕು ಎನ್ನುವವನಿಗೆ ಅಲ್ಲಿ ಜಾಗವಿಲ್ಲ. ಬೆಳೆಯದಿರುವುದೂ ಒಂದು ಯೋಗ್ಯ ಗುರಿಯಾಗಬಹುದೆಂದು ಈ ಸಾಹಿತ್ಯ ಒಪ್ಪುವುದೇ ಇಲ್ಲ.

ಸಣ್ಣ ವ್ಯಾಪಾರಿಗೆ ಇದಕ್ಕಿಂತ ಹತ್ತಿರವಾದ ವಿಚಾರವನ್ನು ಹೇಳಿದವರು ಭಾರತ ಮೂಲದ ಸರಸ್ ಸರಸ್ವತಿ. ಅಮೆರಿಕದಲ್ಲಿ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಶಿಷ್ಯೆಯಾಗಿದ್ದ ಇವರು ಅನುಭವಿ ಉದ್ಯಮಸ್ಥಾಪಕರು ಹೇಗೆ ಯೋಚಿಸುತ್ತಾರೆಂದು ಅಧ್ಯಯನ ಮಾಡಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಅಡುಗೆಯವನ ಉದಾಹರಣೆ ಇದೆ. ಒಬ್ಬ ಅಡುಗೆಯವನು ಮೊದಲು ಏನು ಮಾಡಬೇಕೆಂದು ನಿರ್ಧರಿಸಿ ಸಾಮಾನು ತರಲು ಹೊರಡುತ್ತಾನೆ. ಇನ್ನೊಬ್ಬ ಮೊದಲು ಕಪಾಟು ತೆರೆದು ಏನಿದೆ ನೋಡುತ್ತಾನೆ, ಅದರಿಂದ ಏನು ಮಾಡಬಹುದೆಂದು ಯೋಚಿಸುತ್ತಾನೆ. ಅನುಭವಿಗಳು ಹೆಚ್ಚಾಗಿ ಎರಡನೆಯ ದಾರಿ ಹಿಡಿಯುತ್ತಾರೆ ಎಂಬುದು ಅವರ ವಾದ. ನಾನು ಯಾರು, ನನಗೇನು ಗೊತ್ತು, ನನಗೆ ಯಾರು ಗೊತ್ತು ಎಂಬಲ್ಲಿಂದ ಅವರು ಆರಂಭಿಸುತ್ತಾರೆ. ಎಷ್ಟು ಲಾಭ ಬಂದೀತು ಎಂದು ಕೇಳುವ ಮೊದಲು ಎಷ್ಟು ಕಳೆದುಕೊಂಡರೆ ತಡೆದುಕೊಂಡೇನು ಎಂದು ಕೇಳಿಕೊಳ್ಳುತ್ತಾರೆ.

ಸರಸ್ವತಿಯವರು ಮಾತನಾಡಿಸಿದ್ದು ದೊಡ್ಡ ಕಂಪೆನಿಗಳನ್ನು ಕಟ್ಟಿದ 27 ಮಂದಿಯನ್ನು, ನಮ್ಮ ಬೀದಿಯ ಅಂಗಡಿಯವನನ್ನಲ್ಲ. ಗೆದ್ದವರ ಮಾತು ಕೇಳಿ ನಿಯಮ ಮಾಡುವ ದೌರ್ಬಲ್ಯ ಇಲ್ಲಿಯೂ ಇದೆ. ಆದರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಇದು ಹೊಸ ಅರ್ಥ ಕೊಡುತ್ತದೆ. ಆ ಗಾದೆಯನ್ನು ಆಸೆಪಡಬೇಡ ಎಂದು ಓದುವುದು ರೂಢಿ. ಹಾಸಿಗೆ ಎಷ್ಟಿದೆ ಎಂದು ಮೊದಲು ಅಳೆ ಎಂದೂ ಅದನ್ನು ಓದಬಹುದು. ಇಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ, ಆ ಹಾಸಿಗೆ ಯಾರದ್ದು?

ನಮ್ಮಲ್ಲಿ ಸಣ್ಣ ಅಂಗಡಿಯ ಬಂಡವಾಳ ಎಲ್ಲಿಂದ ಬರುತ್ತದೆ? 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯ ಮೊದಲ ಹಂತವಾದ ‘ಶಿಶು’ ಸಾಲದ ಮಿತಿ 50,000 ರೂಪಾಯಿ. ಅದರಲ್ಲಿ ಒಂದು ಫ್ರಿಜ್ ಬರಬಹುದು, ಅಂಗಡಿ ಬಾರದು. ಬಡ್ಡಿಯ ಭಯದಿಂದ ಬ್ಯಾಂಕಿನ ಮೆಟ್ಟಿಲು ಹತ್ತದವರು ಬಹಳ. ಆಗ ಬಂಡವಾಳವಾಗುವುದು ಹೆಂಡತಿಯ ಒಡವೆ, ಗಲ್ಫಿನಲ್ಲಿರುವ ಅಣ್ಣನ ಉಳಿತಾಯ, ಭಾವನ ಕೈಗಡ. ಯೋಜನೆಯ ಹಾಳೆಯಲ್ಲಿ ‘ನನ್ನ ಗುರಿ’ ಎಂದು ಬರೆಯುವವನು ಹೂಡುವುದು ನಾಲ್ಕು ಮನೆಯವರ ನಾಳೆಯನ್ನು. ಒಡವೆಯನ್ನು ಕೊಟ್ಟವಳಿಗೆ ಆ ಹಾಳೆಯನ್ನು ತೋರಿಸುವವರು ಎಷ್ಟು ಮಂದಿ? ಧಾರ್ಮಿಕವಾಗಿ ಆ ಚಿನ್ನ ಅವಳದ್ದೇ. ಅವಳು ಮನಸಾರೆ ದಾನವಾಗಿ ಕೊಡದಿದ್ದರೆ ಅದು ಗಂಡನ ಮೇಲಿನ ಸಾಲ.

ಕನಸಿನಿಂದ ಕಣಜಕ್ಕೆ

ಯಶಸ್ಸಿನ ಪುಸ್ತಕಗಳು ದೊಡ್ಡ ಕನಸು ಕಾಣಲು ಹೇಳುತ್ತವೆ. ಯೋಜನೆಯ ಬಗ್ಗೆ ನಮಗೆ ಗೊತ್ತಿರುವ ಅತ್ಯಂತ ಹಳೆಯ ಕತೆಗಳಲ್ಲಿ ಒಂದು ಕನಸಿನಿಂದಲೇ ಆರಂಭವಾಗುತ್ತದೆ. ಪ್ರವಾದಿ ಯೂಸುಫರ ಕತೆ ಬೈಬಲಿನಲ್ಲೂ ಇದೆ, ಕುರ್‌ಆನಿನಲ್ಲೂ ಇದೆ. ಈಜಿಪ್ಟಿನ ಅರಸ ಕಂಡ ಕನಸಿನಲ್ಲಿ ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿಂದುಹಾಕುತ್ತವೆ. ಅದನ್ನು ಯೂಸುಫರು ಲೆಕ್ಕವಾಗಿ ಬದಲಾಯಿಸಿದರು. ಏಳು ವರ್ಷ ಬೆಳೆ, ಏಳು ವರ್ಷ ಬರ. ಬೆಳೆದದ್ದರಲ್ಲಿ ತಿನ್ನಲು ಬೇಕಾದ ಸ್ವಲ್ಪವನ್ನು ತೆಗೆದು ಉಳಿದದ್ದನ್ನು ತೆನೆಯಲ್ಲೇ ಬಿಟ್ಟು ಕೂಡಿಡಬೇಕು. ಗಮನಿಸಬೇಕಾದ ವಿಷಯವೇನೆಂದರೆ, ಈ ಯೋಜನೆಯನ್ನು ಕೆಟ್ಟ ವರ್ಷಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಮಾಡಲಾಗಿದೆ. ಏಳು ಸಮೃದ್ಧ ವರ್ಷಗಳಲ್ಲಿ ಎಷ್ಟು ಬೆಳೆಯಬಹುದು ಎಂಬ ಹೆಮ್ಮೆಯ ಅಂಕಿ ಅಲ್ಲಿಲ್ಲ.

ಕರಾವಳಿಯ ಮೀನು ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅವನ ವರ್ಷಕ್ಕೆ ಹತ್ತೇ ತಿಂಗಳು. ಬಟ್ಟೆ ವ್ಯಾಪಾರಿಯ ಕಷ್ಟ ಇನ್ನೊಂದು ಬಗೆಯದು. ಅವನ ದೊಡ್ಡ ಸೀಸನ್ ರಮಝಾನ್. ಅದು ವರ್ಷವರ್ಷವೂ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಅದು ಜೂನ್ ತಿಂಗಳ ಮಳೆಯ ಜೊತೆ, ಶಾಲೆಯ ಫೀಸಿನ ಜೊತೆ ಬಂದಿತ್ತು. 2025ರಲ್ಲಿ ಮಾರ್ಚ್‌ನ ಬಿಸಿಲಲ್ಲಿ ಬಂತು. ಕಳೆದ ವರ್ಷದ ಏಪ್ರಿಲ್‌ಗೆ ಈ ವರ್ಷದ ಏಪ್ರಿಲ್ ಹೋಲಿಸಿ ಗುರಿ ಇಡು ಎನ್ನುವ ಪುಸ್ತಕ ಅವನನ್ನು ದಾರಿ ತಪ್ಪಿಸುತ್ತದೆ. ಅನುವಾದಿತ ಕೃತಿಗಳಿಗೆ ಈ ಪಂಚಾಂಗ ಗೊತ್ತಿಲ್ಲ, ಅದನ್ನು ಸೇರಿಸುವ ಕೆಲಸ ಕನ್ನಡದ ಲೇಖಕರದ್ದು.

ಝಕಾತ್ ವಿಷಯವನ್ನೇ ತೆಗೆದುಕೊಳ್ಳಿ. ಅದನ್ನು ನಾವು ದಾನದ ಹೆಸರಲ್ಲಿ ಮಾತ್ರ ನೋಡುತ್ತೇವೆ. ವ್ಯಾಪಾರಿ ತನ್ನ ಝಕಾತನ್ನು ಸರಿಯಾಗಿ ಕೊಡಬೇಕಾದರೆ ವರ್ಷಕ್ಕೊಮ್ಮೆ ನಿಗದಿತ ದಿನ ಅಂಗಡಿಯ ಸರಕನ್ನು ಆ ದಿನದ ಬೆಲೆಗೆ ಲೆಕ್ಕ ಹಾಕಬೇಕು, ಕೈಯಲ್ಲಿರುವ ನಗದು ಸೇರಿಸಬೇಕು, ಬರುವ ಭರವಸೆಯಿರುವ ಬಾಕಿ ಸೇರಿಸಬೇಕು, ಕೊಡಬೇಕಾದ ಸಾಲ ಕಳೆಯಬೇಕು. ಉಳಿದದ್ದು ನಿಸಾಬ್ ಮಿತಿಯನ್ನು ಮುಟ್ಟಿದರೆ ಶೇ. 2.5 ಕೊಡಬೇಕು. ಲೆಕ್ಕಪರಿಶೋಧಕರ ಭಾಷೆಯಲ್ಲಿ ಇದನ್ನು ಬ್ಯಾಲೆನ್ಸ್ ಶೀಟ್ ಎನ್ನುತ್ತಾರೆ. ದೀಪಾವಳಿಯಂದು ಅಂಗಡಿ ಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುವ ಹಿಂದೂ ವ್ಯಾಪಾರಿಯ ಸಂಪ್ರದಾಯದಲ್ಲೂ ಇದೇ ವಿವೇಕವಿದೆ. ಕುರ್‌ಆನಿನ ಅತ್ಯಂತ ಉದ್ದದ ಸೂಕ್ತ ಅಲ್‌ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸಾಲವನ್ನು, ಚಿಕ್ಕದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದು. ಅದಕ್ಕೆ ಸ್ವಲ್ಪ ಮೊದಲಿನ ಸೂಕ್ತದಲ್ಲಿ, ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅವಕಾಶ ಕೊಡಬೇಕೆಂಬ ಬೋಧನೆ ಇದೆ. ಬರೆದಿಡುವುದು ಮತ್ತು ಕರುಣೆ ತೋರುವುದು ಅಲ್ಲಿ ಒಂದರ ಪಕ್ಕ ಒಂದು ನಿಂತಿವೆ.

ನಮ್ಮ ಬೆನ್ನು ನಮಗೆ ಕಾಣದು

ಇಷ್ಟೆಲ್ಲ ಇದ್ದೂ ನಮ್ಮ ಅಂಗಡಿಗಳ ಸ್ಥಿತಿ ಏನು? ಗಲ್ಲಾಪೆಟ್ಟಿಗೆಯೂ ಮನೆಯ ಖರ್ಚಿನ ಡಬ್ಬಿಯೂ ಒಂದೇ. ಮಗ ಸಂಜೆ ಅಂಗಡಿಯಲ್ಲಿ ಕೂತರೆ, ಹೆಂಡತಿ ರಾತ್ರಿ ಗುಂಡಿ ಹೊಲಿದರೆ ಅದಕ್ಕೆ ಕೂಲಿ ಹಿಡಿಯುವುದಿಲ್ಲ. ಹಾಗಾಗಿ ನಷ್ಟದಲ್ಲಿರುವ ಅಂಗಡಿಯೂ ಲಾಭದಲ್ಲಿರುವಂತೆ ಕಾಣುತ್ತದೆ. ಅಣ್ಣನಿಂದ ತಂದದ್ದನ್ನು ಬರೆದಿಡುವುದು ಅಪನಂಬಿಕೆ ಎಂದು ಭಾವಿಸುತ್ತೇವೆ, ಹತ್ತು ವರ್ಷದ ಬಳಿಕ ಅದೇ ಮೊತ್ತಕ್ಕಾಗಿ ಜಮಾಅತಿನ ಮುಂದೆ ಪಂಚಾಯಿತಿಗೆ ಕೂರುತ್ತೇವೆ. ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಉದ್ರಿ ಕೊಡುತ್ತೇವೆ, ಕೇಳಲು ನಾಚುತ್ತೇವೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಗೊಣಗುತ್ತೇವೆ. ಅಂಗಡಿ ಮುಳುಗಿದಾಗ ತಕ್‌ದೀರ್ ಎಂದು ಕೈಚೆಲ್ಲುತ್ತೇವೆ. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಭಾಷಣದಲ್ಲಿ ಉದ್ಧರಿಸಿದಷ್ಟು ಸಲೀಸಾಗಿ ಗಲ್ಲಾದಲ್ಲಿ ಪಾಲಿಸುವುದಿಲ್ಲ. ಎಲ್ಲವೂ ಇಚ್ಛಾಶಕ್ತಿ ಎನ್ನುವ ಅಮೆರಿಕದ ಪುಸ್ತಕವೂ ಎಲ್ಲವೂ ವಿಧಿ ಎನ್ನುವ ನಮ್ಮ ಸೋಮಾರಿತನವೂ ಒಂದು ವಿಷಯದಲ್ಲಿ ಸಮಾನ. ಎರಡೂ ಲೆಕ್ಕದ ಪುಸ್ತಕ ತೆರೆಯುವುದಿಲ್ಲ.

2025ರ ಜುಲೈನಲ್ಲಿ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ಯುಪಿಐ ಮೂಲಕ ಖಾತೆಗೆ ಬಂದ ಮೊತ್ತ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಜಿಎಸ್‌ಟಿ ಮಿತಿಯನ್ನು ದಾಟಿದೆ ಎಂಬುದು ಅದಕ್ಕೆ ಕಾರಣ. ತೆರಿಗೆ ಇಲ್ಲದ ತರಕಾರಿ, ಹಾಲು ಮಾರಿದವರಿಗೂ ನೋಟಿಸು ಬಂತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್‌ಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಪ್ರತಿಭಟನೆಯ ಬಳಿಕ ಹಳೆಯ ಬಾಕಿ ಕೇಳುವುದಿಲ್ಲವೆಂದು ಸರಕಾರ ಭರವಸೆ ಕೊಟ್ಟಿತು. ಸರಕಾರ ನಡೆದುಕೊಂಡ ರೀತಿ ಟೀಕೆಗೆ ಅರ್ಹವೇ. ಆದರೆ ಖಾತೆಗೆ ಬಂದದ್ದರಲ್ಲಿ ಯಾವುದು ವ್ಯಾಪಾರ, ಯಾವುದು ತಮ್ಮ ಕಳುಹಿಸಿದ ಹಣ, ಯಾವುದು ತೆರಿಗೆ ಇಲ್ಲದ ಸರಕು ಎಂದು ತೋರಿಸುವ ಒಂದು ನೋಟುಬುಕ್ಕು ಬಹಳ ಮಂದಿಯ ಬಳಿ ಇರಲಿಲ್ಲ ಎಂಬುದೂ ಸತ್ಯ. ಲೆಕ್ಕ ಬರೆಯುವುದು ಬಡವನಿಗೆ ತೆರಿಗೆಯವನ ಮುಂದೆಯೂ ರಕ್ಷಣೆ.

ಲೆಕ್ಕದ ಬದಲು ಅಂಕಿಯನ್ನು ನಂಬಿದ್ದರ ಬೆಲೆಯನ್ನೂ ನಾವು ತೆತ್ತಿದ್ದೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಮೂಹ ಕುಸಿದಾಗ ‘ಹಲಾಲ್’ ಎಂಬ ಪದವನ್ನೂ ತಿಂಗಳ ಆದಾಯದ ಭರವಸೆಯನ್ನೂ ನಂಬಿ ಹೂಡಿದ್ದ ಹತ್ತಾರು ಸಾವಿರ ಮಂದಿ ಬೀದಿಗೆ ಬಿದ್ದರು. ಇಸ್ಲಾಮಿನ ಮುದಾರಬ ಪಾಲುದಾರಿಕೆಯಲ್ಲಿ ಲಾಭವನ್ನು ಹಂಚಿಕೊಳ್ಳುವ ಪ್ರಮಾಣ ಮೊದಲೇ ನಿಶ್ಚಯವಾಗುತ್ತದೆ. ವ್ಯಾಪಾರ ಸೋತರೆ ಬಂಡವಾಳದ ನಷ್ಟ ಹಣ ಹಾಕಿದವನದ್ದು, ದುಡಿಮೆಯ ನಷ್ಟ ದುಡಿದವನದ್ದು. ಸೋಲಿನ ಮಾತನ್ನೇ ಎತ್ತದೆ ಹಣ ಕೇಳುವವನನ್ನು ಈ ಒಂದು ಅಳತೆಯಿಂದಲೇ ಗುರುತಿಸಬಹುದಿತ್ತು.

ಬರಬೇಕಾದ ಪುಸ್ತಕ

ಕನ್ನಡದಲ್ಲಿ ಸಣ್ಣ ವ್ಯಾಪಾರಿಗಾಗಿ ಒಂದು ಒಳ್ಳೆಯ ಪುಸ್ತಕ ಬರೆಯುವ ಅಗತ್ಯವಿದೆ. ಅದರ ಮೊದಲ ಅಧ್ಯಾಯ ಕನಸಿನ ಬಗ್ಗೆ ಇರಬೇಕಾಗಿಲ್ಲ. ಉದ್ರಿಯ ಬಗ್ಗೆ ಇರಲಿ. ಯಾರಿಗೆ, ಎಷ್ಟು, ಎಷ್ಟು ದಿನ ಕೊಡಬಹುದು, ಮನ ನೋಯದಂತೆ ಕೇಳುವುದು ಹೇಗೆ ಎಂಬುದನ್ನು ಅದು ತಿಳಿಸಲಿ. ಎರಡನೆಯದು ಮನೆಯ ದುಡ್ಡನ್ನೂ ಅಂಗಡಿಯ ದುಡ್ಡನ್ನೂ ಬೇರೆ ಮಾಡಿ, ತನಗೂ ಹೆಂಡತಿ ಮಕ್ಕಳ ದುಡಿಮೆಗೂ ಸಂಬಳ ಬರೆದುಕೊಳ್ಳುವ ಬಗ್ಗೆ. ಮೂರನೆಯದು ಮಳೆಗಾಲ, ಮದುವೆಯ ಸೀಸನ್, ರಮಝಾನ್, ದೀಪಾವಳಿಗಳನ್ನು ಒಟ್ಟಿಗೆ ಇಟ್ಟು ಸರಕು ತರುವ ಬಗ್ಗೆ. ನಾಲ್ಕನೆಯದು ಸಾಲ ಪಡೆಯುವಾಗ ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನ ಬಗ್ಗೆ. ಟೈಪಿಂಗ್ ಸೆಂಟರಿನವನು ಬೇರೆಯವರದ್ದನ್ನು ನಕಲು ಮಾಡಿ ಕೊಡುವ ಆ ಹಾಳೆಗಳನ್ನು ಅಂಗಡಿಯವನು ಒಮ್ಮೆಯಾದರೂ ತಾನೇ ಬರೆಯುವಂತಾಗಲಿ.

ಕೊನೆಯ ಅಧ್ಯಾಯ ಅಂಗಡಿ ಮುಚ್ಚುವ ಬಗ್ಗೆ ಇರಬೇಕು. ನಾನು ಓದಿದ ಯಾವ ಯಶಸ್ಸಿನ ಪುಸ್ತಕದಲ್ಲೂ ಈ ಅಧ್ಯಾಯ ಇಲ್ಲ. ಎಷ್ಟು ತಿಂಗಳು, ಎಷ್ಟು ಸಾವಿರದವರೆಗೆ ನಷ್ಟ ತಡೆದುಕೊಳ್ಳುತ್ತೇನೆ ಎಂದು ಬಾಗಿಲು ತೆರೆಯುವ ದಿನವೇ ಮನೆಯವರ ಮುಂದೆ ಬರೆದಿಟ್ಟವನು ಆ ಗೆರೆ ಮುಟ್ಟಿದಾಗ ನಿಲ್ಲಬಲ್ಲ. ಉಳಿದ ಸರಕನ್ನು ಮಾರಿ, ಮೊದಲು ಕೆಲಸದವರ ಕೂಲಿ, ಆಮೇಲೆ ಸಗಟು ವ್ಯಾಪಾರಿಯ ಬಾಕಿ, ಒಡವೆ ಕೊಟ್ಟವಳ ಪಾಲು ಎಷ್ಟು ಉಳಿದಿದೆಯೋ ಅಷ್ಟನ್ನು ತೀರಿಸಿ, ಉಳಿದ ಸಾಲಕ್ಕೆ ಅವಧಿ ಬರೆದು ಕೊಟ್ಟು ಹೊರಬರಬಲ್ಲ. ಗೆರೆ ಬರೆಯದವನು ಇನ್ನೊಂದು ತಿಂಗಳು, ಇನ್ನೊಂದು ಸಾಲ ಎನ್ನುತ್ತಾ ಮುಖ ತೋರಿಸಲಾಗದ ಸ್ಥಿತಿಗೆ ತಲುಪುತ್ತಾನೆ. ಊರು ಬಿಟ್ಟು ಹೋದವರ, ಅದಕ್ಕಿಂತಲೂ ಕೆಟ್ಟ ನಿರ್ಧಾರಕ್ಕೆ ಬಂದವರ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಬರುತ್ತದೆ. ಮಾನ ಉಳಿಸಿಕೊಂಡು ಒಂದು ಅಂಗಡಿ ಮುಚ್ಚಿದವನು ಇನ್ನೊಂದನ್ನು ತೆರೆಯಬಲ್ಲ, ಅವನಿಗೆ ಸಾಲ ಕೊಟ್ಟವರು ಮತ್ತೊಮ್ಮೆ ಕೊಡಬಲ್ಲರು. ಈ ಅಧ್ಯಾಯವನ್ನು ಬರೆಯಲು ಯಾವ ಪ್ರಸಿದ್ಧ ಭಾಷಣಕಾರನೂ ಬೇಕಿಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮುಂದೆ ಕುಳಿತು ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ.